ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಗಾರ್ಡ್ ಒಬ್ಬನ ರಕ್ಷಣೆಯನ್ನು ತೂಗಿ ನೋಡುವ ಬಗೆ

ಅಮೆರಿಕದ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನೈಸ್ಮಿತ್ ಪ್ರಶಸ್ತಿ 2018ರಿಂದ 2024ರವರೆಗಿನ ಏಳು ವರ್ಷಗಳಲ್ಲಿ ಆರು ಬಾರಿ ಗಾರ್ಡ್‌ಗಳ, ಅಂದರೆ ಬುಟ್ಟಿಯಿಂದ ದೂರದಲ್ಲಿ ಆಡುತ್ತ ಚೆಂಡನ್ನು ನಡೆಸುವ ಆಟಗಾರರ, ಪಾಲಾಗಿದೆ. ವೆಸ್ಟ್ ವರ್ಜೀನಿಯಾದ ಜೆವಾನ್ ಕಾರ್ಟರ್, ವಾಷಿಂಗ್ಟನ್‌ನ ಮಟೀಸ್ ತೈಬುಲ್, ಕ್ಯಾನ್ಸಸ್‌ನ ಮಾರ್ಕಸ್ ಗ್ಯಾರೆಟ್, ಬೇಲರ್‌ನ ಡೇವಿಯನ್ ಮಿಚೆಲ್, ಯುಸಿಎಲ್‌ಎಯ ಜೇಲೆನ್ ಕ್ಲಾರ್ಕ್ ಮತ್ತು ಹ್ಯೂಸ್ಟನ್‌ನ ಜಮಾಲ್ ಶೆಡ್ ಆ ಆರು ಮಂದಿ. 2022ರಲ್ಲಿ ಮಾತ್ರ ಅದು ಆಬರ್ನ್ ತಂಡದ ಎತ್ತರದ ಆಟಗಾರ ವಾಕರ್ ಕೆಸ್ಲರ್‌ಗೆ ಸಂದಿತು. ಬುಟ್ಟಿಯ ಬಳಿ ನಿಂತು ಶಾಟ್ ತಡೆಯುವ ಆಟಗಾರನ ಕೆಲಸ ಬ್ಲಾಕ್ ಮತ್ತು ರೀಬೌಂಡ್‌ಗಳ (ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವುದು) ರೂಪದಲ್ಲಿ ಅಂಕಪಟ್ಟಿಗೆ ಬರುತ್ತದೆ. ಗಾರ್ಡ್‌ನ ವಿಷಯದಲ್ಲಿ ಅಂಕಪಟ್ಟಿಯಲ್ಲಿ ಎದ್ದು ಕಾಣುವುದು ಸ್ಟೀಲ್, ಅಂದರೆ ಎದುರಾಳಿಯಿಂದ ಚೆಂಡನ್ನು ಕಸಿದದ್ದು, ಎಂಬ ಒಂದೇ ಅಂಕಿ. ಅದನ್ನೂ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಅಧಿಕೃತವಾಗಿ ದಾಖಲಿಸತೊಡಗಿದ್ದು 1985–86ರ ಋತುವಿನಿಂದ. ಒಳ್ಳೆಯ ಗಾರ್ಡ್‌ನ ಶ್ರಮದ ಬಹುಪಾಲು ಎದುರಾಳಿಯ ಯೋಜನೆ ನಡೆಯದಂತೆ ಮಾಡುವುದರಲ್ಲೇ ಮುಗಿಯುವುದರಿಂದ, ಅವನ ಬೆಲೆಯನ್ನು ತಿಳಿಯಬೇಕಾದರೆ ಎದುರಾಳಿ ತಂಡ ಎಷ್ಟು ತಡವಾಗಿ, ಎಲ್ಲಿಂದ, ಯಾರ ಕೈಯಿಂದ ಶಾಟ್ ಹೊಡೆಯಬೇಕಾಯಿತು ಎಂಬುದನ್ನು ನೋಡಬೇಕು. ಈ ನೋಟವನ್ನು ಕ್ರಮವಾಗಿ ರೂಢಿಸಿಕೊಳ್ಳುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತಂಡದ ಪದ್ಧತಿಯನ್ನು ತಿಳಿಯಿರಿ

ಗಾರ್ಡ್‌ನ ಅಂಕಿಗಳನ್ನು ಕೈಗೆತ್ತಿಕೊಳ್ಳುವ ಮುನ್ನ ಅವನ ಕೋಚ್ ಅವನಿಂದ ಏನನ್ನು ಕೇಳಿದ್ದಾರೆ ಎಂಬುದು ಗೊತ್ತಿರಬೇಕು. ಡಿಕ್ ಬೆನೆಟ್ ರೂಪಿಸಿ, ಅವರ ಮಗ ಟೋನಿ ಬೆನೆಟ್ ವರ್ಜೀನಿಯಾದಲ್ಲಿ ನೆಲೆಗೊಳಿಸಿ 2019ರ ರಾಷ್ಟ್ರೀಯ ಪ್ರಶಸ್ತಿಯವರೆಗೆ ಕೊಂಡೊಯ್ದ ಪ್ಯಾಕ್ ಲೈನ್ ಪದ್ಧತಿಯಲ್ಲಿ, ಚೆಂಡಿನ ಮುಂದೆ ನಿಂತ ರಕ್ಷಕನೊಬ್ಬನು ಮಾತ್ರ ಒತ್ತಡ ಹಾಕುತ್ತಾನೆ. ಉಳಿದ ನಾಲ್ವರು ಬುಟ್ಟಿಯಿಂದ ಸುಮಾರು 16 ಅಡಿ ದೂರದ ಕಾಲ್ಪನಿಕ ಕಮಾನಿನೊಳಗೆ ಉಳಿದು, ಒಳನುಗ್ಗುವ ದಾರಿಗಳನ್ನು ಮುಚ್ಚುತ್ತಾರೆ. ಅಲ್ಲಿ ಪಾಸ್‌ಗಳನ್ನು ಕಸಿಯಲು ಹಾರುವುದು ಗಾರ್ಡ್‌ನ ಕೆಲಸವಲ್ಲವಾದ್ದರಿಂದ ಸ್ಟೀಲ್‌ಗಳು ಕಡಿಮೆಯಾಗುವುದು ಸಹಜ. ಬಾಬ್ ಹಗಿನ್ಸ್ ಅವರ ವೆಸ್ಟ್ ವರ್ಜೀನಿಯಾ ತಂಡವು ಅಂಕಣದ ಉದ್ದಕ್ಕೂ ಎದುರಾಳಿಯ ಬೆನ್ನು ಬಿಡದೆ ಒತ್ತುತ್ತಿದ್ದ ವರ್ಷಗಳಲ್ಲಿ ಜೆವಾನ್ ಕಾರ್ಟರ್‌ನಿಂದ ನಿರೀಕ್ಷಿಸಿದ್ದು ಇದಕ್ಕೆ ತೀರಾ ಭಿನ್ನವಾದ ಕೆಲಸ. ಮಟೀಸ್ ತೈಬುಲ್ 2018–19ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 3.5 ಸ್ಟೀಲ್ ಮತ್ತು 2.3 ಬ್ಲಾಕ್ ಗಳಿಸಿದ್ದು ಕೋಚ್ ಮೈಕ್ ಹಾಪ್ಕಿನ್ಸ್ ಅವರ 2-3 ಜೋನ್‌ನೊಳಗೆ, ಅಂದರೆ ಪ್ರತಿ ರಕ್ಷಕನೂ ಒಬ್ಬ ಆಟಗಾರನ ಬದಲು ಒಂದು ಜಾಗವನ್ನು ಕಾಯುವ ಪದ್ಧತಿಯೊಳಗೆ. ಅಲ್ಲಿ ಅವನ ಕಣ್ಣು ಒಬ್ಬ ಆಟಗಾರನ ಮೇಲಿರದೆ ಪಾಸ್‌ನ ದಾರಿಯ ಮೇಲಿರಲು ಅವಕಾಶವಿತ್ತು. ಇದರಿಂದ ಅವನ ಸಾಧನೆ ಕಿರಿದಾಗುವುದಿಲ್ಲ. ಆದರೆ ಅದೇ ಅಂಕಿಯನ್ನು ಅಳತೆಗೋಲಾಗಿ ಹಿಡಿದು ವರ್ಜೀನಿಯಾದ ಗಾರ್ಡ್‌ನನ್ನು ಅಳೆದರೆ ಅನ್ಯಾಯವಾಗುತ್ತದೆ.

ಪದ್ಧತಿಯನ್ನು ತಿಳಿಯದಿದ್ದರೆ ತಪ್ಪು ಯಾರದ್ದು ಎಂಬುದನ್ನೇ ತಪ್ಪಾಗಿ ಓದುವ ಅಪಾಯವೂ ಇದೆ. 2019ರಲ್ಲಿ ಫೈನಲ್ ತಲುಪಿದ ಟೆಕ್ಸಸ್ ಟೆಕ್ ಮತ್ತು 2021ರಲ್ಲಿ ಪ್ರಶಸ್ತಿ ಗೆದ್ದ ಬೇಲರ್ ತಂಡಗಳು ಚೆಂಡನ್ನು ಅಂಕಣದ ನಡುವಿಗೆ ಬಿಡದೆ ಪಕ್ಕದ ಗೆರೆ ಮತ್ತು ಬುಟ್ಟಿಯ ಹಿಂದಿನ ಗೆರೆಯತ್ತ ತಳ್ಳುವ ಪದ್ಧತಿಯನ್ನು ಆಡುತ್ತಿದ್ದವು. ಇಂಥ ತಂಡದಲ್ಲಿ ಡ್ರಿಬಲ್ ಮಾಡುವವನು ಗಾರ್ಡ್‌ನನ್ನು ದಾಟಿ ಹಿಂದಿನ ಗೆರೆಯತ್ತ ಹೋದಾಗ, ನೋಡುವವರಿಗೆ ಗಾರ್ಡ್ ಸೋತಂತೆ ಕಂಡರೂ, ಅಲ್ಲಿ ಕಾದು ನಿಂತಿರುವ ಸಹಆಟಗಾರನ ಕಡೆಗೇ ಅವನು ಎದುರಾಳಿಯನ್ನು ಕಳುಹಿಸಿರುತ್ತಾನೆ. ನಡುವಿಗೆ ದಾರಿ ಬಿಟ್ಟಾಗ ಮಾತ್ರ ಅದು ಅವನ ತಪ್ಪು. ಆದ್ದರಿಂದ ಒಂದೆರಡು ಪಂದ್ಯಗಳನ್ನು ತಂಡದ ಪದ್ಧತಿಯನ್ನು ಗುರುತಿಸುವುದಕ್ಕೆಂದೇ ಮೀಸಲಿಟ್ಟು, ಗಾರ್ಡ್‌ನ ಮೌಲ್ಯಮಾಪನವನ್ನು ಆ ಬಳಿಕ ಆರಂಭಿಸುವುದು ಒಳ್ಳೆಯದು.

ಸ್ಟೀಲ್‌ಗಳನ್ನು ಪೊಸೆಷನ್‌ಗಳ ಲೆಕ್ಕದಲ್ಲಿ ನೋಡಿ

ಪಂದ್ಯಕ್ಕೆ ಇಷ್ಟು ಸ್ಟೀಲ್ ಎಂಬ ಸರಾಸರಿಯು ವೇಗವಾಗಿ ಆಡುವ ತಂಡದ ಗಾರ್ಡ್‌ಗೆ ಅನುಕೂಲಕರವಾಗಿಯೂ ನಿಧಾನವಾಗಿ ಆಡುವ ತಂಡದವನಿಗೆ ಪ್ರತಿಕೂಲವಾಗಿಯೂ ಇರುತ್ತದೆ. ಹೀಗಾಗಿ ಅವನು ಅಂಕಣದಲ್ಲಿದ್ದಾಗ ಎದುರಾಳಿಗೆ ಸಿಕ್ಕ ಪೊಸೆಷನ್‌ಗಳಲ್ಲಿ (ಚೆಂಡು ಒಂದು ತಂಡದ ವಶದಲ್ಲಿರುವ ಒಂದೊಂದು ಸರದಿ) ನೂರಕ್ಕೆ ಎಷ್ಟು ಸ್ಟೀಲ್‌ನಲ್ಲಿ ಕೊನೆಗೊಂಡವು ಎಂದು ಲೆಕ್ಕ ಹಾಕಬೇಕು. ಒಂದು ತಂಡದ ಪೊಸೆಷನ್‌ಗಳನ್ನು ಅಂದಾಜು ಮಾಡಲು, ಅದು ಹೊಡೆದ ಒಟ್ಟು ಶಾಟ್‌ಗಳಿಂದ ಅದರ ಆಫೆನ್ಸಿವ್ ರೀಬೌಂಡ್‌ಗಳನ್ನು (ತನ್ನದೇ ತಪ್ಪಿದ ಶಾಟ್‌ನ ಚೆಂಡನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್‌ಗಳನ್ನು (ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಶಾಟ್) ಯತ್ನಗಳ 0.475 ಪಾಲನ್ನು ಸೇರಿಸುವುದು ಕಾಲೇಜು ಆಟದಲ್ಲಿ ಬಳಕೆಯಲ್ಲಿರುವ ಸೂತ್ರ. ಉದಾಹರಣೆಗೆ, ಎದುರಾಳಿ ತಂಡವು 58 ಶಾಟ್ ಹೊಡೆದು, 9 ಆಫೆನ್ಸಿವ್ ರೀಬೌಂಡ್ ಪಡೆದು, 13 ಬಾರಿ ಚೆಂಡು ಕಳೆದುಕೊಂಡು, 20 ಫ್ರೀ ಥ್ರೋ ಎಸೆದಿದೆ ಎಂದುಕೊಳ್ಳಿ. ಆಗ 58ರಿಂದ 9 ಕಳೆದು 13 ಮತ್ತು 9.5 ಕೂಡಿಸಿದರೆ 71.5 ಪೊಸೆಷನ್‌ಗಳಾಗುತ್ತವೆ. ನಮ್ಮ ಗಾರ್ಡ್ 40 ನಿಮಿಷಗಳಲ್ಲಿ 32 ನಿಮಿಷ ಆಡಿದ್ದರೆ ಅವನ ಪಾಲಿಗೆ ಸುಮಾರು 57 ಪೊಸೆಷನ್ ಬರುತ್ತವೆ, ಎರಡು ಸ್ಟೀಲ್ ಗಳಿಸಿದ್ದರೆ ಅವನ ದರ ಶೇ 3.5. ಒಂದು ಪಂದ್ಯದ ದರಕ್ಕೆ ಹೆಚ್ಚು ಅರ್ಥವಿಲ್ಲ; ಇಡೀ ಋತುವಿನ ದರಕ್ಕೆ ಖಂಡಿತ ಅರ್ಥವಿದೆ.

ಸ್ಟೀಲ್‌ಗೆ ಬೆಲೆಯಿಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. ಎದುರಾಳಿಯ ಶಾಟ್ ತಪ್ಪಿದರೂ ಚೆಂಡು ಮತ್ತೆ ಅವರಿಗೇ ಸಿಗಬಹುದು, ಆದರೆ ಸ್ಟೀಲ್ ಆದೊಡನೆ ಆ ಸಾಧ್ಯತೆ ಮುಗಿದು, ಎದುರಾಳಿಗಳು ಹಿಂದಿರುಗಿ ನಿಲ್ಲುವ ಮೊದಲೇ ನಮ್ಮ ದಾಳಿ ಶುರುವಾಗುತ್ತದೆ. ರಿಚ್ಮಂಡ್‌ನ ಜೇಕಬ್ ಗಿಲ್ಯಾರ್ಡ್ ಕೇವಲ 5 ಅಡಿ 9 ಅಂಗುಲ ಎತ್ತರದವನಾಗಿದ್ದೂ 2022ರಲ್ಲಿ ಕಾಲೇಜು ಆಟ ಮುಗಿಸುವ ಹೊತ್ತಿಗೆ 466 ಸ್ಟೀಲ್ ಗಳಿಸಿ, ಪ್ರಾವಿಡೆನ್ಸ್‌ನ ಜಾನ್ ಲೈನ್‌ಹ್ಯಾನ್ ಹೆಸರಿನಲ್ಲಿದ್ದ 385ರ ದಾಖಲೆಯನ್ನು ಬಹುದೂರ ಹಿಂದಿಕ್ಕಿದ. ಐದು ಋತು ಆಡಿದ್ದು ಅವನಿಗೆ ನೆರವಾಯಿತೆಂಬುದು ನಿಜವಾದರೂ, ಎದುರಾಳಿಯ ಮನಸ್ಸನ್ನು ಅವನಿಗಿಂತ ಒಂದು ಕ್ಷಣ ಮೊದಲೇ ಓದಬಲ್ಲ ಕೈ ಅದು. ಆದರೆ ಸ್ಟೀಲ್ ಎಣಿಸುವಾಗ ವಿಫಲ ಯತ್ನಗಳನ್ನೂ ಎಣಿಸಲೇಬೇಕು. ಪಾಸ್‌ಗೆ ಹಾರಿ ತಪ್ಪಿಸಿಕೊಂಡ ಗಾರ್ಡ್ ತನ್ನ ನಾಲ್ವರನ್ನು ಐವರ ಎದುರು ಬಿಟ್ಟುಹೋಗಿರುತ್ತಾನೆ, ಮತ್ತು ಆ ನಷ್ಟ ಯಾವ ಅಂಕಪಟ್ಟಿಯಲ್ಲೂ ಅವನ ಹೆಸರಿನ ಮುಂದೆ ಬರುವುದಿಲ್ಲ. ಒಂದು ಸ್ಟೀಲ್‌ಗೆ ಎಷ್ಟು ಹುಸಿ ಹಾರಿಕೆಗಳಾದವು, ಅವುಗಳಿಂದ ಎಷ್ಟು ಅಂಕ ಹೋಯಿತು ಎಂದು ಪಕ್ಕದಲ್ಲೇ ಬರೆದಿಡಿ.

ಅವನು ಕಾಯ್ದ ಆಟಗಾರ ಎಷ್ಟು ಅಂಕ ಗಳಿಸಿದ ಎಂಬ ಅಳತೆಯೂ ಮೋಸ ಮಾಡುತ್ತದೆ. 2021ರ ಫೈನಲ್‌ನಲ್ಲಿ ಗೊನ್ಜಾಗಾದ ಗಾರ್ಡ್ ಜೇಲೆನ್ ಸಗ್ಸ್ 22 ಅಂಕ ಗಳಿಸಿದ. ಆ ಅಂಕಿಯನ್ನಷ್ಟೇ ನೋಡಿದವರು ಬೇಲರ್ ಗಾರ್ಡ್‌ಗಳ ರಕ್ಷಣೆ ಸಡಿಲವಾಗಿತ್ತೆಂದು ಭಾವಿಸಬಹುದು. ಆದರೆ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಬಂದಿದ್ದ ಗೊನ್ಜಾಗಾ ಅಂದು 86–70ರಿಂದ ಸೋತಿತು. ಚೆಂಡು ಕೈಯಿಂದ ಕೈಗೆ ಹರಿದು ಐವರೂ ಆಡುತ್ತಿದ್ದ ದಾಳಿಯೊಂದು ಒಬ್ಬಿಬ್ಬರ ವೈಯಕ್ತಿಕ ಯತ್ನವಾಗಿ ಕುಗ್ಗಿದಾಗ, ಆ ಒಬ್ಬನ ಅಂಕ ಏರುವುದು ರಕ್ಷಣೆಯ ಗೆಲುವೇ ಆಗಿರಬಹುದು.

ಚೆಂಡನ್ನು ಬಿಟ್ಟು ಗಾರ್ಡ್‌ನನ್ನು ನೋಡಿ

ದಾಖಲಾದ ಪಂದ್ಯವನ್ನು ನೋಡುವಾಗ ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಅದನ್ನು ತಡೆದು, ಎದುರಾಳಿಗೆ ಚೆಂಡು ಸಿಕ್ಕ ಕ್ಷಣದಿಂದ ಪೊಸೆಷನ್ ಮುಗಿಯುವವರೆಗೆ ಒಬ್ಬನೇ ಗಾರ್ಡ್‌ನ ಮೇಲೆ ದೃಷ್ಟಿ ನೆಡಬೇಕು. ಪ್ರತಿ ಪೊಸೆಷನ್‌ಗೆ ನಾಲ್ಕು ಸಂಗತಿಗಳನ್ನು ಬರೆದುಕೊಂಡರೆ ಸಾಕು: ಅವನು ಎದುರಾಳಿಯನ್ನು ಅಂಕಣದ ಯಾವ ಭಾಗದಲ್ಲಿ ಎದುರುಗೊಂಡ, ಎದುರಾಳಿಯ ಯೋಜನೆ ಶುರುವಾದಾಗ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಉಳಿದ ಸಮಯ) ಎಷ್ಟಿತ್ತು, ಮೊದಲ ಸ್ಕ್ರೀನ್‌ನಲ್ಲಿ (ರಕ್ಷಕನ ದಾರಿಗೆ ಎದುರಾಳಿ ಆಟಗಾರನೊಬ್ಬ ಅಡ್ಡ ನಿಲ್ಲುವುದು) ಏನಾಯಿತು, ಕೊನೆಯ ಶಾಟ್ ಯಾರು ಎಲ್ಲಿಂದ ಹೊಡೆದರು. ಪುರುಷರ ಕಾಲೇಜು ಆಟದಲ್ಲಿ 2015–16ರಿಂದ ಶಾಟ್ ಕ್ಲಾಕ್ 30 ಸೆಕೆಂಡ್‌ಗೆ ಇಳಿದಿದ್ದು, ಅದಕ್ಕೂ ಮೊದಲು 35 ಇತ್ತು. ಹೀಗಾಗಿ ಗಾರ್ಡ್ ಕಸಿದುಕೊಳ್ಳುವ ಒಂದೊಂದು ಸೆಕೆಂಡ್‌ನ ಬೆಲೆಯೂ ಈಗ ಹೆಚ್ಚಾಗಿದೆ.

ಒಂದು ಪೊಸೆಷನ್‌ನ್ನು ಹತ್ತಿರದಿಂದ ನೋಡೋಣ. ಎದುರಾಳಿಯ ಪಾಯಿಂಟ್ ಗಾರ್ಡ್ ಚೆಂಡು ತರುತ್ತಿರುವಾಗಲೇ ನಮ್ಮವನು ಅರ್ಧ ಅಂಕಣಕ್ಕೂ ಮೊದಲೇ ಎದುರಾಗಿ, ಕೈ ಚಾಚದೆ, ಎದೆಯನ್ನು ಅವನ ದಾರಿಗೆ ಅಡ್ಡವಾಗಿಟ್ಟು ಎರಡು ಬಾರಿ ದಿಕ್ಕು ಬದಲಿಸುವಂತೆ ಮಾಡುತ್ತಾನೆ. ನಡುಗೆರೆ ದಾಟುವಾಗ ಕ್ಲಾಕ್ 23 ತೋರಿಸುತ್ತದೆ. ಎತ್ತರದ ಆಟಗಾರನೊಬ್ಬ ಬಂದು ಸ್ಕ್ರೀನ್ ನಿಲ್ಲಿಸುತ್ತಾನೆ. ಹಿಂದಿನಿಂದ ಸಹಆಟಗಾರನ ಕೂಗು ಕೇಳಿದೊಡನೆ ನಮ್ಮ ಗಾರ್ಡ್ ಮುಂದಿನ ಪಾದವನ್ನು ಸ್ಕ್ರೀನರ್‌ನ ಪಾದದಾಚೆಗೆ ಮೊದಲೇ ಇಟ್ಟು, ಭುಜವನ್ನು ಕಿರಿದಾಗಿಸಿ, ಸೊಂಟವನ್ನು ಆಚೆ ಸೇರಿಸಿಬಿಡುತ್ತಾನೆ. ಸ್ಕ್ರೀನ್‌ಗೆ ಸಿಕ್ಕುವುದು ಅವನ ಹಿಂಭುಜ ಮಾತ್ರ. ಈಗ ಅವನು ಡ್ರಿಬಲ್ ಮಾಡುವವನಿಗಿಂತ ಅರ್ಧ ಹೆಜ್ಜೆ ಹಿಂದಿದ್ದಾನೆ, ಆದರೆ ಅಷ್ಟು ಹತ್ತಿರವಿರುವುದರಿಂದ ನಿಂತು ಶಾಟ್ ಹೊಡೆಯಲು ಅವನಿಗೆ ಎಡೆ ಕೊಡುವುದಿಲ್ಲ, ಮುಂದೆ ಬುಟ್ಟಿ ಕಾಯುತ್ತಿರುವ ಎತ್ತರದ ಸಹಆಟಗಾರನೂ ತನ್ನ ಜಾಗ ಬಿಡಬೇಕಾಗಿಲ್ಲ. ಚೆಂಡು ಮತ್ತೆ ಹೊರಗೆ ಹೋಗುತ್ತದೆ. ಕ್ಲಾಕ್ 12. ಎದುರಾಳಿಗಳು ಹೊಸದಾಗಿ ಶುರುಮಾಡಬೇಕು, ಮತ್ತು ನಾಲ್ಕು ಸೆಕೆಂಡ್ ಉಳಿದಿರುವಾಗ ಮೂಲೆಯಲ್ಲಿದ್ದ, ಶಾಟ್‌ಗೆ ಸಿದ್ಧನಾಗಿರದ ಆಟಗಾರ ಮುಖದ ಮೇಲೆ ಕೈಯಿರುವಾಗಲೇ ಹೊಡೆದು ತಪ್ಪುತ್ತಾನೆ. ಅಂಕಪಟ್ಟಿಯಲ್ಲಿ ಉಳಿಯುವುದು ಮೂಲೆಯವನ ತಪ್ಪಿದ ಶಾಟ್ ಮತ್ತು ಎತ್ತರದವನ ರೀಬೌಂಡ್. ಇಡೀ ಪೊಸೆಷನ್‌ನ್ನು ಹಾಳುಗೆಡವಿದವನ ಹೆಸರು ಅಲ್ಲೆಲ್ಲೂ ಇಲ್ಲ. ನಿಮ್ಮ ಟಿಪ್ಪಣಿಯಲ್ಲಿ ಅದು ಇರಬೇಕು.

ಸ್ಕ್ರೀನ್ ಎದುರಿಸುವ ರೀತಿಯೇ ನನ್ನ ದೃಷ್ಟಿಯಲ್ಲಿ ಗಾರ್ಡ್‌ನ ರಕ್ಷಣೆಯ ತಿರುಳು, ಏಕೆಂದರೆ ಇಂದಿನ ದಾಳಿಗಳ ಬಹುಪಾಲು ಅಲ್ಲಿಂದಲೇ ಹುಟ್ಟುತ್ತದೆ. ಒಳ್ಳೆಯ ಶೂಟರ್‌ನ ಎದುರು ಸ್ಕ್ರೀನ್‌ನ ಮೇಲಿನಿಂದ ಹೋಗುವುದು, ದೂರದಿಂದ ಹೊಡೆಯಲಾರದವನ ಎದುರು ಕೆಳಗಿನಿಂದ ಹೋಗುವುದು, ಕೋಚ್ ಕೇಳಿದಲ್ಲಿ ಇಬ್ಬರೂ ಸೇರಿ ಚೆಂಡಿನ ಮೇಲೆ ಮುಗಿಬೀಳುವುದು, ಇಲ್ಲವೇ ಪರಸ್ಪರ ಆಟಗಾರರನ್ನು ಬದಲಿಸಿಕೊಳ್ಳುವುದು: ಇವುಗಳಲ್ಲಿ ಯಾವುದನ್ನು ಆರಿಸಿದ ಎಂಬುದಕ್ಕಿಂತ, ಆರಿಸಿದ್ದನ್ನು ಹಿಂಜರಿಯದೆ ಮಾಡಿದನೇ ಎಂದು ನೋಡಿ. ಸ್ಕ್ರೀನ್‌ಗೆ ಸಿಕ್ಕಿಬಿದ್ದು ಅಲ್ಲೇ ನಿಂತುಬಿಡುವ ಗಾರ್ಡ್ ತನ್ನ ತಂಡದ ಎತ್ತರದ ಆಟಗಾರನನ್ನು ಇಬ್ಬರ ನಡುವೆ ಒಂಟಿಯಾಗಿಸುತ್ತಾನೆ. ಆಟಗಾರರನ್ನು ಬದಲಿಸಿಕೊಂಡಾಗ ತನಗಿಂತ ಅರ್ಧ ಅಡಿ ಎತ್ತರದವನ ಮುಂದೆ ಸೊಂಟ ತಗ್ಗಿಸಿ ನಿಂತು, ಅವನಿಗೆ ಚೆಂಡು ತಲುಪದಂತೆ ಕೆಲವು ಸೆಕೆಂಡ್ ತಡೆಯಬಲ್ಲ ಗಾರ್ಡ್ ಇದ್ದರೆ ಕೋಚ್‌ಗೆ ಆಯ್ಕೆಗಳು ಒಮ್ಮೆಲೇ ಹೆಚ್ಚುತ್ತವೆ.

ಚೆಂಡಿಲ್ಲದ ಕಡೆಯ ಕೆಲಸ

ಕಾಲೇಜು ಆಟದಲ್ಲಿ ವೃತ್ತಿಪರ ಎನ್‌ಬಿಎಯಲ್ಲಿರುವಂಥ ರಕ್ಷಣಾ ಮೂರು ಸೆಕೆಂಡ್ ನಿಯಮವಿಲ್ಲ, ಆದ್ದರಿಂದ ನೆರವಿಗೆ ಬರುವ ರಕ್ಷಕ ಬುಟ್ಟಿಯ ಮುಂದಿನ ಪೇಂಟ್ ಎಂಬ ಜಾಗದೊಳಗೆ ಎಷ್ಟು ಹೊತ್ತಾದರೂ ನಿಲ್ಲಬಹುದು. ಪೇಂಟ್‌ನಲ್ಲಿ ಜನ ತುಂಬಿದಷ್ಟೂ ಹೊರಗಿನ ಶೂಟರ್ ಒಂಟಿಯಾಗುತ್ತಾನೆ. 2019–20ರಿಂದ ಮೂರು ಅಂಕದ ಗೆರೆ 22 ಅಡಿ 1¾ ಅಂಗುಲಕ್ಕೆ ಸರಿದಿರುವುದರಿಂದ ಒಳಗಿನಿಂದ ಹೊರಕ್ಕೆ ಓಡಬೇಕಾದ ದೂರವೂ ಬೆಳೆದಿದೆ. ಗಾರ್ಡ್ ಒಳಗೆ ಒಂದು ಹೆಜ್ಜೆ ಇಟ್ಟು ನುಗ್ಗುವವನನ್ನು ಅನುಮಾನಕ್ಕೆ ತಳ್ಳಿ, ಪಾಸ್ ಹೊರಟ ಕ್ಷಣಕ್ಕೇ ತನ್ನ ಶೂಟರ್‌ನತ್ತ ಓಡಿ, ಕೊನೆಯ ಎರಡು ಹೆಜ್ಜೆಗಳನ್ನು ಚಿಕ್ಕದಾಗಿಸಿ ಸಮತೋಲ ಉಳಿಸಿಕೊಂಡು ನಿಲ್ಲುತ್ತಾನೆಯೇ? ಓಡಿದ ರಭಸಕ್ಕೆ ಶೂಟರ್‌ನನ್ನು ದಾಟಿಹೋದರೆ ಅವನು ಮತ್ತೊಂದು ಬಾಗಿಲು ತೆರೆದಂತೆ.

ರೀಬೌಂಡ್‌ನ ವಿಷಯದಲ್ಲಿ ಗಾರ್ಡ್ ಎಷ್ಟು ಹಿಡಿದ ಎಂಬುದು ಮುಖ್ಯವಲ್ಲ. ಶಾಟ್ ಗಾಳಿಯಲ್ಲಿರುವಾಗ ಅವನು ತನ್ನವನಿಗೆ ಮೈ ತಾಗಿಸಿ ತಡೆದನೇ ಎಂಬುದನ್ನಷ್ಟೇ ಬರೆಯಿರಿ. ಹಾಗೆಯೇ ನಮ್ಮ ತಂಡದ ಶಾಟ್ ತಪ್ಪಿದಾಗ ಮೊದಲು ಹಿಂದಕ್ಕೆ ಓಡುವವನು ಯಾರೆಂದು ಗಮನಿಸಿ.

ನಿಯಮ ಮತ್ತು ಫೌಲ್‌ಗಳ ಲೆಕ್ಕ

2013–14ರಲ್ಲಿ ಎನ್‌ಸಿಎಎ ಕೈಯಿಂದ ತಡೆಯುವುದರ ವಿರುದ್ಧ ನಿಯಮವನ್ನು ಬಿಗಿಗೊಳಿಸಿತು. ಡ್ರಿಬಲ್ ಮಾಡುವವನ ಮೇಲೆ ಕೈಯಿಟ್ಟು ಹಿಡಿದಿರುವುದು, ಎರಡೂ ಕೈ ಇಡುವುದು, ಮತ್ತೆ ಮತ್ತೆ ತಿವಿಯುವುದು, ಮುಂಗೈಯಿಂದ ಅಡ್ಡಗಟ್ಟುವುದು ಎಲ್ಲವೂ ಫೌಲ್ ಎಂದು ಒತ್ತಿ ಹೇಳಲಾಯಿತು. ಅಂದಿನಿಂದ ಚೆಂಡಿನ ಮುಂದಿನ ರಕ್ಷಣೆ ಕಾಲಿನ ಕೆಲಸವಾಗಿದೆ. 2023–24ರಿಂದ ಚಾರ್ಜ್ ನಿಯಮವೂ, ಅಂದರೆ ಅಡ್ಡ ನಿಂತ ರಕ್ಷಕನಿಗೆ ದಾಳಿಗಾರ ಗುದ್ದಿದರೆ ಆಗುವ ಫೌಲ್‌ನ ನಿಯಮವೂ, ಕಠಿಣವಾಯಿತು. ದಾಳಿಗಾರ ಮೇಲೆ ಹಾರಲು ಪಾದ ಊರುವ ಹೊತ್ತಿಗೇ ರಕ್ಷಕ ತನ್ನ ಜಾಗದಲ್ಲಿ ಇರಬೇಕಾದ್ದರಿಂದ, ಕೊನೆಯ ಕ್ಷಣದಲ್ಲಿ ಜಾರಿ ಬಂದು ಅಡ್ಡ ನಿಂತು ಫೌಲ್ ಗಳಿಸುತ್ತಿದ್ದ ಹಳೆಯ ಋತುಗಳ ಗಾರ್ಡ್‌ಗಳನ್ನು ಈಗಿನವರೊಡನೆ ಹೋಲಿಸುವಾಗ ಎಚ್ಚರಿಕೆ ಬೇಕು.

ಐದನೆಯ ಫೌಲ್‌ಗೆ ಆಟಗಾರ ಹೊರಗೆ. ಅರ್ಧವೊಂದರಲ್ಲಿ ತಂಡದ ಏಳನೆಯ ಫೌಲ್‌ನಿಂದ ಎದುರಾಳಿಗೆ ಒಂದು ಫ್ರೀ ಥ್ರೋ ಸಿಕ್ಕು, ಅದು ಬಿದ್ದರೆ ಇನ್ನೊಂದು ಸಿಗುತ್ತದೆ; ಹತ್ತನೆಯದರಿಂದ ಎರಡೂ ಖಚಿತ. ಬುಟ್ಟಿಯಿಂದ ಮೂವತ್ತು ಅಡಿ ದೂರದಲ್ಲಿ ಗಾರ್ಡ್ ಮಾಡಿದ ಅನಗತ್ಯ ಫೌಲ್ ಆ ಕ್ಷಣಕ್ಕೆ ನಷ್ಟವೆನಿಸದಿದ್ದರೂ, ಆರು ನಿಮಿಷಗಳ ನಂತರ ಬೇರೊಬ್ಬನ ಸಣ್ಣ ಫೌಲ್ ಎದುರಾಳಿಗೆ ಎರಡು ಅಂಕ ಕೊಡುವಾಗ ಅದರ ಲೆಕ್ಕ ತೀರುತ್ತದೆ. ಮೊದಲರ್ಧದಲ್ಲೇ ಎರಡು ಫೌಲ್ ಆದವನನ್ನು ಕೋಚ್‌ಗಳು ಹೆಚ್ಚಾಗಿ ಬೆಂಚ್‌ಗೆ ಕರೆಯುತ್ತಾರೆ, ಆ ಹೊತ್ತಿನಲ್ಲಿ ಅವನ ರಕ್ಷಣೆಯ ಬೆಲೆ ಸೊನ್ನೆ. ಹೀಗಾಗಿ ಫೌಲ್‌ಗಳನ್ನು ಬುಟ್ಟಿಯ ಬಳಿ ಅನಿವಾರ್ಯವಾಗಿ ಆದವು ಮತ್ತು ದೂರದಲ್ಲಿ ಕೈ ಚಾಚಿದ್ದರಿಂದ ಆದವು ಎಂದು ಬೇರ್ಪಡಿಸಿ ಬರೆಯಿರಿ.

ಅವನಿದ್ದಾಗ ಮತ್ತು ಇಲ್ಲದಾಗ

ತಂಡದ ರಕ್ಷಣೆಯನ್ನು ನೂರು ಪೊಸೆಷನ್‌ಗೆ ಬಿಟ್ಟುಕೊಟ್ಟ ಅಂಕಗಳಲ್ಲಿ ಅಳೆಯಬೇಕು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅಂಕಿಅಂಶ ತಜ್ಞ ಕೆನ್ ಪೊಮೆರಾಯ್ ಅವರ ಪಟ್ಟಿಗಳು ಎದುರಾಳಿಗಳ ಬಲವನ್ನೂ ಪರಿಗಣಿಸಿ ಇದನ್ನು ಕೊಡುತ್ತವೆ. ಪಂದ್ಯಕ್ಕೆ ಬಿಟ್ಟ ಅಂಕವನ್ನು ನೋಡಿದರೆ ಟೋನಿ ಬೆನೆಟ್ ಕಾಲದ ವರ್ಜೀನಿಯಾದಂತೆ ನಿಧಾನವಾಗಿ ಆಡುವ ತಂಡಗಳು ಇರುವುದಕ್ಕಿಂತಲೂ ಬಲವಾಗಿ ಕಾಣುತ್ತವೆ. ಇದರ ಮುಂದಿನ ಹೆಜ್ಜೆಯಾಗಿ ಗಾರ್ಡ್ ಅಂಕಣದಲ್ಲಿದ್ದಾಗಿನ ಮತ್ತು ಬೆಂಚ್‌ನಲ್ಲಿದ್ದಾಗಿನ ಅಂಕಿಗಳನ್ನು ತಾಳೆ ನೋಡುವುದು ಆಕರ್ಷಕವೇ, ಆದರೆ ಕಾಲೇಜು ಋತು ಅದಕ್ಕೆ ಬಹಳ ಚಿಕ್ಕದು. 35 ಪಂದ್ಯಗಳಲ್ಲಿ ಪ್ರತಿಯೊಂದರಲ್ಲೂ 33 ನಿಮಿಷ ಆಡುವ ಗಾರ್ಡ್ ಒಟ್ಟು 245 ನಿಮಿಷ ಹೊರಗಿರುತ್ತಾನೆ, ಅಂದರೆ ಆರು ಪಂದ್ಯಗಳಷ್ಟು ಹೊತ್ತು. 40 ನಿಮಿಷಕ್ಕೆ 70 ಪೊಸೆಷನ್ ಎಂದುಕೊಂಡರೆ ಅದು ಸುಮಾರು 430 ಪೊಸೆಷನ್. ಆ ಅವಧಿಯಲ್ಲಿ ಎದುರಾಳಿಗಳ ಮೂರು ಅಂಕದ ಶಾಟ್‌ಗಳಲ್ಲಿ ಕೇವಲ ಐದು ಹೆಚ್ಚಾಗಿ ಬಿದ್ದರೂ 15 ಅಂಕಗಳಾಗಿ, ನೂರು ಪೊಸೆಷನ್‌ಗೆ ಮೂರೂವರೆ ಅಂಕದಷ್ಟು ವ್ಯತ್ಯಾಸ ಕಾಣುತ್ತದೆ. ಎದುರಾಳಿ ಎಷ್ಟು ಮೂರು ಅಂಕದ ಯತ್ನಗಳನ್ನು ಮಾಡುತ್ತದೆ ಎಂಬುದರ ಮೇಲೆ ರಕ್ಷಣೆಗೆ ಹಿಡಿತವಿದೆ, ಅವುಗಳಲ್ಲಿ ಎಷ್ಟು ಬೀಳುತ್ತವೆ ಎಂಬುದರ ಮೇಲೆ ಅಷ್ಟಿಲ್ಲ ಎಂದು ಪೊಮೆರಾಯ್ ಬಹಳ ಹಿಂದೆಯೇ ತೋರಿಸಿದ್ದಾರೆ. ಆದ್ದರಿಂದ ಇಲ್ಲಿ ಬಿದ್ದ ಶಾಟ್‌ಗಳ ಪ್ರಮಾಣವನ್ನು ಬದಿಗಿಟ್ಟು, ಯತ್ನಗಳ ಸಂಖ್ಯೆ, ಟರ್ನೋವರ್ ದರ, ಬುಟ್ಟಿಯ ಬಳಿಯ ಶಾಟ್‌ಗಳು ಮತ್ತು ಫ್ರೀ ಥ್ರೋಗಳು ಹೇಗೆ ಬದಲಾದವು ಎಂದು ನೋಡುವುದು ಲೇಸು. ಅವನು ಹೊರಗಿದ್ದಾಗ ಎದುರಾಳಿಯ ಮುಖ್ಯ ಆಟಗಾರರೂ ಹೊರಗಿದ್ದರೇ, ಪಂದ್ಯ ಅಷ್ಟರಲ್ಲೇ ತೀರ್ಮಾನವಾಗಿತ್ತೇ ಎಂಬುದನ್ನೂ ಪರಿಶೀಲಿಸಿ.

ಒಂದೇ ಪಂದ್ಯದ ಗೈರುಹಾಜರಿಯಿಂದ ತೀರ್ಪು ಕೊಡಲಾಗದು ಎಂಬುದಕ್ಕೆ ಜಮಾಲ್ ಶೆಡ್ ಉದಾಹರಣೆ. ಕೆಲ್ವಿನ್ ಸ್ಯಾಂಪ್ಸನ್ ಅವರ ಹ್ಯೂಸ್ಟನ್ ತಂಡದ ಜೀವಾಳವಾಗಿದ್ದ ಅವನು 2024ರಲ್ಲಿ ಬಿಗ್ 12 ಕೂಟದ ವರ್ಷದ ಆಟಗಾರನೂ ವರ್ಷದ ರಕ್ಷಣಾ ಆಟಗಾರನೂ ಆಗಿದ್ದ. ಆ ವರ್ಷದ ಎನ್‌ಸಿಎಎ ಟೂರ್ನಿಯಲ್ಲಿ ಡ್ಯೂಕ್ ವಿರುದ್ಧದ ಪಂದ್ಯದ ಮೊದಲರ್ಧದಲ್ಲೇ ಕಣಕಾಲು ಉಳುಕಿ ಹೊರನಡೆದವನು ಮತ್ತೆ ಬರಲಿಲ್ಲ. ಹ್ಯೂಸ್ಟನ್ 54–51ರಿಂದ ಸೋತಿತು. ಬಿಟ್ಟುಕೊಟ್ಟದ್ದು ಬರೀ 54 ಅಂಕ. ಇದನ್ನು ನೋಡಿ ಅವನಿಲ್ಲದೆಯೂ ರಕ್ಷಣೆ ನಿಂತಿತು, ಕುಸಿದದ್ದು ದಾಳಿ ಎಂದು ವಾದಿಸುವವರಿದ್ದಾರೆ, ಮತ್ತು ಆ ವಾದದಲ್ಲಿ ಒಂದಂಶ ಸತ್ಯವಿದೆ. ಆದರೆ ಋತುವಿಡೀ ಅವನು ಚೆಂಡಿನ ಮುಂದೆ ನಿಂತು ಕಟ್ಟಿಕೊಟ್ಟ ಅಭ್ಯಾಸಗಳು ಉಳಿದ ನಾಲ್ವರ ಕಾಲುಗಳಲ್ಲಿ ಆ ರಾತ್ರಿಯೂ ಇದ್ದವು. ರಕ್ಷಣೆಯನ್ನು ಮಾತಿನಿಂದ ನಡೆಸುವ ಗಾರ್ಡ್‌ನ ಬೆಲೆ ತಿಂಗಳುಗಟ್ಟಲೆ ಹರಡಿಕೊಂಡಿರುತ್ತದೆ ಎಂದೇ ನಾನು ನಂಬಿದ್ದೇನೆ.

ಟಿಪ್ಪಣಿಯನ್ನು ಬರೆಯುವುದು

ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿ ಕೋಚ್ ಅವನಿಗೆ ಯಾರನ್ನು ಕಾಯಲು ಹೇಳುತ್ತಾರೆ ಎಂಬುದನ್ನು ನಮೂದಿಸಿ. ಪ್ರತಿ ಪಂದ್ಯದಲ್ಲೂ ಎದುರಾಳಿಯ ಅತ್ಯುತ್ತಮ ಗಾರ್ಡ್‌ನ ಮುಂದೆ ನಿಲ್ಲುವವನು ಮತ್ತು ಮೂಲೆಯಲ್ಲಿ ನಿಲ್ಲುವ ದುರ್ಬಲ ಶೂಟರ್‌ನ ಬಳಿ ಇರಿಸಲ್ಪಡುವವನು ಒಂದೇ ಅಂಕಿಗಳನ್ನು ತೋರಿದರೂ ಅವರಿಬ್ಬರ ಹೊರೆ ಒಂದೇ ಅಲ್ಲ. ಕೊನೆಯ ನಾಲ್ಕು ನಿಮಿಷಗಳಲ್ಲಿ ಅಂತರ ಕಡಿಮೆಯಿರುವಾಗ ಕೋಚ್ ಈ ಹೊಣೆಯನ್ನು ಬದಲಿಸುತ್ತಾರೆಯೇ ಎಂಬುದನ್ನು ಪ್ರತ್ಯೇಕವಾಗಿ ಬರೆಯಿರಿ, ಏಕೆಂದರೆ ಅಭ್ಯಾಸದ ವೇಳೆ ದಿನವೂ ನೋಡುವವರ ನಂಬಿಕೆ ಅಲ್ಲಿ ಬಯಲಾಗುತ್ತದೆ. ಆಮೇಲೆ ಪದ್ಧತಿ, ಎದುರಾಳಿಯ ಯೋಜನೆ ಶುರುವಾಗುವ ಹೊತ್ತಿನ ಕ್ಲಾಕ್, ಸ್ಕ್ರೀನ್‌ಗಳ ಫಲಿತಾಂಶ, ಹುಸಿ ಹಾರಿಕೆಗಳ ಸಹಿತ ಸ್ಟೀಲ್ ದರ, ಎರಡು ಬಗೆಯ ಫೌಲ್‌ಗಳು ಬರಲಿ. ಗಟ್ಟಿ ಎದುರಾಳಿಗಳ ವಿರುದ್ಧದ ಐದಾರು ಪಂದ್ಯಗಳ ಟಿಪ್ಪಣಿ ಕೈಯಲ್ಲಿರುವಾಗ, ಅವುಗಳಲ್ಲಿ ಕನಿಷ್ಠ ಎರಡು ಪರಸ್ಥಳದಲ್ಲಿ ಆಡಿದವಾಗಿದ್ದರೆ, ಅವನ ಬಗ್ಗೆ ಅಭಿಪ್ರಾಯ ಬರೆಯಲು ತೊಡಗಬಹುದು.